ಆರು ಸುತ್ತು ಬಾಕಿಯಿರುವ ಹೂವಿನ ಚೀಲದ ಬಗ್ಗೆ

ಚೀಲ ನಿಯಂತ್ರಣ ವಿಭಾಗದ ಮಾನ್ಯ ಮುಖ್ಯಾಧಿಕಾರಿಗಳೇ,

ತಮಗೂ, ನಮ್ಮ ಕೈಚೀಲಗಳ ಹಣೆಬರಹ ಬರೆಯುವ ತಮ್ಮ ಲೇಖನಿಗೂ, ಆಸ್ಪತ್ರೆಯ ಹಿಂಬದಿ ಗೇಟಿನ ಎದುರು ಸೂಪು, ಬ್ರೆಡ್ಡು ಮಾರುವವಳ ಅನಂತ ನಮಸ್ಕಾರಗಳು.

ಅಂಗಡಿ, ಹೋಟೆಲುಗಳಲ್ಲಿ ಪ್ಲಾಸ್ಟಿಕ್ ಚೀಲ ಕೊಡಕೂಡದೆಂಬ ತಮ್ಮ ನಿಯಮ ಬಂದಾಗ ಈ ಬೀದಿಯಲ್ಲಿ ಚಪ್ಪಾಳೆ ತಟ್ಟಿದವಳು ನಾನೊಬ್ಬಳೇ, ಏಕೆಂದರೆ ನಮ್ಮ ಮೋರಿ ಕಟ್ಟಿಕೊಳ್ಳುವುದು ಆ ಚೀಲಗಳಿಂದಲೇ. ಅಂದೇ ನಮ್ಮ ಅತ್ತೆಯವರು ಮನೆಯ ಪರದೆಗಳನ್ನೆಲ್ಲ ಇಳಿಸಿ ನಲವತ್ತು ಚೀಲ ಹೊಲಿದರು. ಈಗ ನಾವು ಏನು ತಿನ್ನುತ್ತೇವೆಂದು ಎದುರು ಮನೆಯವರು ನಮಗಿಂತ ಚೆನ್ನಾಗಿ ಬಲ್ಲರು. ರೋಗಿಗಳ ಕಡೆಯವರು ಅವುಗಳಲ್ಲಿ ಸೂಪಿನ ಡಬ್ಬಿ ಒಯ್ದು, ರೋಗಿ ಮನೆಗೆ ಹೊರಟ ದಿನ ಚೀಲ ಹಿಂತಿರುಗಿಸುತ್ತಾರೆ. ಚೀಲ ವಾಪಸು ಬಂದ ದಿನವೆಲ್ಲ ಅತ್ತೆಯವರು ಏನಾದರೊಂದು ಗುನುಗುತ್ತಿರುತ್ತಾರೆ.

ಆಮೇಲೆ ತಮ್ಮ ಎರಡನೆಯ ಸುತ್ತೋಲೆ ಬಂತು. ಚೀಲವು ಹತ್ತು ಕಿಲೋ ಹೊತ್ತು, ಅರವತ್ತು ಹೆಜ್ಜೆಯಂತೆ, ನೂರ ಇಪ್ಪತ್ತೈದು ಬಾರಿ ಸಾಗಿದ್ದಕ್ಕೆ ದಾಖಲೆಯಿರಬೇಕು, ಇಲ್ಲವಾದರೆ ಸೋಮವಾರದಿಂದ ಅಂಗಡಿಗೆ ಬೀಗ. ಬೇರೆಯವರು ಎಲ್ಲಿಂದಲೋ ಮೊಹರಿನ ಚೀಟಿ ತಂದು ಅಂಟಿಸಿ ಕೈ ತೊಳೆದುಕೊಂಡರು. ಅತ್ತೆಯವರೋ ಸರ್ಕಾರದ ಕಾಗದದಲ್ಲಿ ಬರೆದದ್ದನ್ನು ಮಾಡಿಯೇ ತೀರುವವರು. ಎಪ್ಪತ್ತೊಂದರ ವಯಸ್ಸಿನಲ್ಲಿ, ಮಾದರಿಗೆಂದು ಆರಿಸಿದ ಹೂವಿನ ಚಿತ್ತಾರದ ಚೀಲದಲ್ಲಿ ಹತ್ತು ಕಿಲೋ ಆಲೂಗಡ್ಡೆ ತುಂಬಿ, ಒಲೆಯಿಂದ ಗೇಟಿನವರೆಗೆ ನಡೆಯತೊಡಗಿದರು. ನಾನು ಹೊರುತ್ತೇನೆಂದರೆ, ಕೈ ಬದಲಾದರೆ ಲೆಕ್ಕ ಕೆಡುತ್ತದೆ, ಸುಮ್ಮನಿರೇ ಎಂದು ಗದರಿದರು. ನಾಲ್ಕನೆಯ ದಿನ, ಗೋಡೆಯ ಮೇಲೆ ಸೀಮೆಸುಣ್ಣದ ನೂರ ಹತ್ತೊಂಬತ್ತು ಗೀಟುಗಳಾಗಿದ್ದಾಗ, ತಮ್ಮ ತನಿಖಾಧಿಕಾರಿಗಳು ದಯಮಾಡಿಸಿ, ದಾಖಲೆ ಕೇಳಿ, ಗೋಡೆಯನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲವೆಂದು ವಿಷಾದಿಸಿ, ಆಲೂಗಡ್ಡೆ ಸಮೇತ ಚೀಲವನ್ನು ವಶಪಡಿಸಿಕೊಂಡರು. ಚೀಲದ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅತ್ತೆಯವರ ಭುಜ ಮಾತ್ರ ಊದಿತ್ತು.

ಇಷ್ಟು ಎಚ್ಚರದ ಇಲಾಖೆ ನಮಗೆ ದೊರೆತದ್ದು ನಮ್ಮ ಪುಣ್ಯ. ಆದರೂ ಅಂದಿನಿಂದ ಅತ್ತೆಯವರು ಹೊಲಿಗೆ ಯಂತ್ರದ ಮುಚ್ಚಳ ತೆಗೆದಿಲ್ಲ. ಆದಕಾರಣ ಸೋಮವಾರದೊಳಗೆ ಚೀಲವನ್ನು ಹಿಂತಿರುಗಿಸಬೇಕಾಗಿ, ಅದಾಗದಿದ್ದರೆ ಉಳಿದ ಆರು ಸುತ್ತುಗಳನ್ನು ತಾವೇ ಬಿಡುವು ಮಾಡಿಕೊಂಡು ಕಚೇರಿಯ ವರಾಂಡದಲ್ಲಿ ಹಾಕಬೇಕಾಗಿ ಬೇಡುತ್ತೇನೆ. ಗೀಟು ಎಳೆಯಲು ಸೀಮೆಸುಣ್ಣ ಲಗತ್ತಿಸಿದ್ದೇನೆ. ಭುಜಕ್ಕೆ ಹಚ್ಚುವ ಎಣ್ಣೆಯನ್ನು ಅತ್ತೆಯವರು ಬೇರೆಯಾಗಿ ಕಳುಹಿಸುವರು.

ಪರದೆಯಿಲ್ಲದ ಕಿಟಕಿಯಲ್ಲಿ ತಮ್ಮ ದಾರಿ ಕಾಯುತ್ತಿರುವ,
ತಮ್ಮ ವಿಶ್ವಾಸಿ,
ಸೂಪಿನಂಗಡಿಯ ಸೊಸೆ

ಮರೆತ ಮಾತು: ತಮ್ಮ ತನಿಖಾಧಿಕಾರಿಗಳು ಚೀಲವನ್ನು ಮಡಚಿ ಬಗಲಲ್ಲಿಟ್ಟು, ಆಲೂಗಡ್ಡೆಯನ್ನು ತಾವೇ ತಂದಿದ್ದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಂಡಿದ್ದರು, ಅದು ನಮ್ಮ ಹೊಸ್ತಿಲಲ್ಲೇ ಹರಿಯಿತು. ಬೀದಿಯೆಲ್ಲ ಉರುಳಿದ ಆಲೂಗಡ್ಡೆಯನ್ನು ಅತ್ತೆಯವರು, ಅಯ್ಯೋ ಪಾಪ ಎನ್ನುತ್ತಾ ಆರಿಸಿ, ಆ ಹೂವಿನ ಚೀಲಕ್ಕೇ ತುಂಬಿ ಅವರ ಕೈಗಿತ್ತರು. ಅವರು ಅರವತ್ತು ಹೆಜ್ಜೆ ದಾಟಿದ್ದನ್ನು ನಾನೇ ಕಂಡೆ. ಕೈ ಬದಲಾದರೂ ಅದು ಸರ್ಕಾರದ ಕೈಯೆಂದು ಅತ್ತೆಯವರು ರಿಯಾಯಿತಿ ತೋರಿ ಗೋಡೆಯ ಮೇಲೆ ಇನ್ನೊಂದು ಗೀಟು ಎಳೆದಿದ್ದಾರೆ. ಆದ್ದರಿಂದ ಮೇಲೆ ಆರು ಎಂದಿರುವಲ್ಲೆಲ್ಲ ದಯವಿಟ್ಟು ಐದು ಎಂದು ತಿದ್ದಿಕೊಳ್ಳಿ.