ಅಡುಗೆಮನೆಯುಳ್ಳ ಮೋಟಾರ್ ಸೈಕಲ್ಲು

ಅಡುಗೆಮನೆಯನ್ನು ಒಳಗೊಂಡ ಮೊದಲ ಮೋಟಾರ್ ಸೈಕಲ್ಲು ನಮ್ಮ ವಾಹನ ನೋಂದಣಿ ಕಚೇರಿಯಲ್ಲಿ ಕಳೆದ ವರ್ಷ ಕ್ರಮಬದ್ಧವಾಗಿ ನೋಂದಣಿಯಾಗಿದೆ ಎಂಬ ಸಂಗತಿಯನ್ನು ಈ ಮೂಲಕ ಎಲ್ಲರ ಗಮನಕ್ಕೆ ತರಲಾಗಿದೆ. ಇದರ ಬಗ್ಗೆ ಬಾಯಿಗೆ ಬಂದಂತೆ ಮಾತಾಡುವವರು ಬಹಳ ಮಂದಿ. ಅವರಲ್ಲಿ ಒಬ್ಬರೂ ಕಡತ ಓದಿದವರಲ್ಲ. ನಾನು ಅದೇ ಕಚೇರಿಯ ರವಾನೆ ಗುಮಾಸ್ತ. ಹತ್ತೊಂಬತ್ತು ವರ್ಷ ಮೊಹರು ಒತ್ತಿ ಒತ್ತಿ ನನ್ನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿದೆ. ಆದ್ದರಿಂದ ನಡೆದದ್ದನ್ನು ನಡೆದಂತೆ ಹೇಳುವ ಅರ್ಹತೆ ನನಗಿದೆ.

ಅರ್ಜಿದಾರರು ಪೈಪ್ ಕಾರ್ಖಾನೆಯಿಂದ ನಿವೃತ್ತರಾದ ವೆಲ್ಡರು. ಬೀದಿಯವರು ಅವರನ್ನು ಕಿಡಿಮಾವ ಎನ್ನುತ್ತಾರೆ. ಅಡುಗೆಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ನಾಲ್ಕು ವರ್ಷ ಕೂತು, ಗುಜರಿಯಿಂದ ತಂದ ಹಳೆಯ ಮೋಟಾರ್ ಸೈಕಲ್ಲಿನ ಚೌಕಟ್ಟು ಕತ್ತರಿಸಿ, ಮುಂದಿನ ಚಕ್ರ ಹಿಡಿಯುವ ಫೋರ್ಕನ್ನು ಒಂದು ಮೊಳ ಉದ್ದ ಮಾಡಿ ಓರೆಗೆ ಚಾಚಿಸಿ, ಹ್ಯಾಂಡಲ್ಲನ್ನು ಹೆಗಲೆತ್ತರಕ್ಕೆ ಏರಿಸಿದ್ದರು. ಇಂಥ ಗಾಡಿಗೆ ಚಾಪರ್ ಎನ್ನುತ್ತಾರಂತೆ. ಓಡಿಸುವವನು ಆರಾಮಕುರ್ಚಿಯಲ್ಲಿ ಒರಗಿದ ಹಾಗೆ ಕಾಲು ಚಾಚಿ ಕೂರಬೇಕು. ಹಿಂದಿನ ಸೀಟನ್ನು ಮಾತ್ರ ಅವರ ಹೆಂಡತಿ ಹೊಲಿದಿದ್ದರು. ಆಕೆ ದರ್ಜಿ. ಹಳೆಯ ಸೋಫಾದ ಚರ್ಮ ಬಿಚ್ಚಿ, ಮೂರು ಪದರ ಸ್ಪಂಜು ತುಂಬಿ, ಅಂಚಿಗೆ ಜೋಡಿ ಹೊಲಿಗೆ ಹಾಕಿದ್ದರು.

ಆ ಸೀಟಿಗೆ ಒಂದು ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಕಿಡಿಮಾವ, ನನ್ನ ಕೈಯಾರೆ ಮಾಡಿದ ಗಾಡಿಯಲ್ಲಿ ನಿನ್ನನ್ನು ಸಮುದ್ರ ನೋಡಲು ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದರು. ಆಮೇಲೆ ಮಕ್ಕಳ ಓದು, ಸೋರುವ ತಾರಸಿ ಅಂತ ಇಪ್ಪತ್ತೆಂಟು ವರ್ಷ ಸರಿದುಹೋಯಿತು. ಆಕೆ ಇಂದಿಗೂ ಸಮುದ್ರ ನೋಡಿಲ್ಲ. ಅರ್ಜಿ ಹಾಕುವ ಹೊತ್ತಿಗೆ ಆಕೆಯ ಮಂಡಿ ಸವೆದು, ಮೂರು ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಎಂದು ಗೊತ್ತಾಗಿತ್ತು. ಅದಾದ ಮೇಲೆ ಗಾಡಿಯ ಹಿಂದೆ ಕಾಲು ಎತ್ತಿ ಹಾಕಿ ಕೂರುವುದನ್ನು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರಂತೆ.

ಇದನ್ನೆಲ್ಲ ಕಿಡಿಮಾವ ಅರ್ಜಿಯಲ್ಲೇ ಬರೆದಿದ್ದರು. ಅದು ಅನಗತ್ಯ ವಿವರ. ಅಧೀಕ್ಷಕರು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

"ಗಾಡಿ ತಂದು ತೋರ್ಸಿ," ಎಂದರು ಅಧೀಕ್ಷಕರು.

"ನಂಬರ್ ಇಲ್ದೆ ರಸ್ತೆಗೆ ತರೋ ಹಾಗಿಲ್ವಲ್ಲ ಸಾರ್?"

"ತರೋ ಹಾಗಿಲ್ಲ. ತಂದ್ರೆ ಹಿಡೀತೀವಿ."

ಆದರೆ ನಮ್ಮ ಕಚೇರಿ ಅಷ್ಟೊಂದು ಕಲ್ಲೆದೆಯದ್ದಲ್ಲ. ಸ್ಥಳ ತಪಾಸಣೆಗೆ ಇನ್ಸ್‌ಪೆಕ್ಟರನ್ನೂ, ಬರೆದುಕೊಳ್ಳಲು ನನ್ನನ್ನೂ ಅವರ ಮನೆಗೇ ಕಳಿಸಲಾಯಿತು.

ಇಲ್ಲಿ ನಮ್ಮ ಅಳತೆ ಟೇಪಿನ ವಿಷಯ ಹೇಳಬೇಕು. ಅದರ ತುದಿಯ ಕೊಕ್ಕೆ ಮುರಿದು ಆರು ವರ್ಷವಾಗಿದೆ. ಹೊಸ ಟೇಪಿನ ಬೇಡಿಕೆ ಮೇಲಿನ ಕಚೇರಿಯ ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಟೇಪಿನ ತುದಿಗೆ ದಾರದ ಕುಣಿಕೆ ಕಟ್ಟಿ, ಗೋಡೆಯ ಮೊಳೆಗೆ ಸಿಕ್ಕಿಸಿ, ಗಾಡಿಯನ್ನು ಆ ಗೋಡೆಗೆ ಒತ್ತಿ ನಿಲ್ಲಿಸಿ ಅಳೆಯುವುದು ನಮ್ಮಲ್ಲಿ ಬೆಳೆದುಬಂದ ಪದ್ಧತಿ. ಶೆಡ್ಡಿನಲ್ಲಿ ಹುಡುಕಿದರೂ ಒಂದು ಮೊಳೆ ಇರಲಿಲ್ಲ. ಕಿಡಿಮಾವ ಎಲ್ಲವನ್ನೂ ವೆಲ್ಡ್ ಮಾಡುವವರು. ಇದ್ದ ಒಂದೇ ಮೊಳೆ ಅಡುಗೆಮನೆಯ ಆಚೆ ಗೋಡೆಯಲ್ಲಿ, ಜರಡಿ ತೂಗುಹಾಕಲು ಅವರ ಹೆಂಡತಿ ಹೊಡೆದುಕೊಂಡದ್ದು.

"ತುದೀನ ನಾನೇ ಕೈಯಲ್ಲಿ ಹಿಡ್ಕೋತೀನಿ ಸಾರ್," ಎಂದೆ.

"ಕೈಯಲ್ಲಿ ಹಿಡಿದ ಅಳತೆ ನಾಳೆ ತನಿಖೆ ಬಂದ್ರೆ ನಿಲ್ಲಲ್ಲ ಕಣಯ್ಯ," ಎಂದರು ಇನ್ಸ್‌ಪೆಕ್ಟರು.

ಅವರು ಜರಡಿ ತೆಗೆದು ಆಕೆಯ ಕೈಗೆ ಕೊಟ್ಟು, ಮೊಳೆಗೆ ಕುಣಿಕೆ ಸಿಕ್ಕಿಸಿ, ಟೇಪನ್ನು ಒಲೆಯ ಪಕ್ಕದಿಂದ, ಸಿಂಕಿನ ಮೇಲಿಂದ, ಬಾಗಿಲು ದಾಟಿಸಿ ಮುಂದಿನ ಚಕ್ರದ ತುದಿಯವರೆಗೆ ಎಳೆದರು. ಮೂವತ್ತೊಂದು ಅಡಿ.

"ಅಣ್ಣಾ, ಅದ್ರಲ್ಲಿ ನನ್ನ ಅಡುಗೆಮನೇನೂ ಸೇರ್ಕೊಂಡ್ತಲ್ಲ?" ಎಂದರು ಆಕೆ.

"ಸೇರಿದೆ ಅಮ್ಮ. ಕಳೀಬೋದು. ಆದ್ರೆ ಕಳೆಯೋದಕ್ಕೆ ಫಾರಂನಲ್ಲಿ ಜಾಗ ಕೊಟ್ಟಿಲ್ಲ."

ಎರಡು ತುದಿಗಳ ನಡುವೆ ಕಂಡ ಭಾಗಗಳನ್ನೆಲ್ಲ ನಮೂದಿಸತಕ್ಕದ್ದು ಎಂದು ಫಾರಂ ಸ್ಪಷ್ಟವಾಗಿ ಹೇಳುತ್ತದೆ. ನಾನು ಪ್ರಾಮಾಣಿಕವಾಗಿ ಬರೆದುಕೊಂಡೆ: ಚಕ್ರ ಎರಡು, ಎಂಜಿನ್ ಒಂದು, ಸಿಂಕ್ ಒಂದು, ಗ್ಯಾಸ್ ಒಲೆ ಒಂದು, ಕಿಟಕಿ ಒಂದು, ಉಕ್ಕುವ ಹಂತದಲ್ಲಿದ್ದ ಹಾಲು ಒಂದು ಪಾತ್ರೆ.

ಹೊರಡುವಾಗ ಬಿಡಿಭಾಗಗಳ ಮಾದರಿ ತಪಾಸಣೆಯೂ ಆಯಿತು. ಫಳಫಳ ಹೊಳೆಯುತ್ತಿದ್ದ ಸೈಲೆನ್ಸರ್ ಕೊಳವೆಯನ್ನು ಇನ್ಸ್‌ಪೆಕ್ಟರು ಬಿಚ್ಚಿಸಿಕೊಂಡರು. ಅದು ಈಗ ಅವರ ಹಜಾರದಲ್ಲಿ ಪರದೆಯ ಭಾರ ಎಷ್ಟು ತಡೆಯುತ್ತದೆ ಎಂಬ ಪರೀಕ್ಷೆಯಲ್ಲಿದೆ. ಹಿಂದಿನ ಸೀಟು ಅಧೀಕ್ಷಕರಿಗೆ ಹೋಯಿತು. ಅವರಿಗೆ ಸೊಂಟನೋವು. ನಾನು ಏನನ್ನೂ ತೆಗೆದುಕೊಳ್ಳಲಿಲ್ಲ, ಒಂದು ಕನ್ನಡಿಯ ಹೊರತು.

ವಾಹನದ ಉದ್ದ ಮೂವತ್ತೊಂದು ಅಡಿ ಎಂಬ ಪತ್ರ ಕೈಸೇರಿದ ದಿನವೇ ಕಿಡಿಮಾವ ಓಡಿ ಬಂದರು. ಮುಖ ಬಾಡಿತ್ತು.

"ತಿದ್ದುಪಡಿಗೆ ವಾಹನವನ್ನ ಇಲ್ಲಿಗೇ ತರಬೇಕಾಗುತ್ತೆ," ಎಂದರು ಅಧೀಕ್ಷಕರು.

"ತಳ್ಕೊಂಡೇ ಬರ್ತೀನಿ ಸಾರ್, ಈಗ್ಲೇ."

"ನೀವು ತಳ್ಕೊಂಡು ಬರೋದು ಮುಂದಿನ ಭಾಗ ಅಷ್ಟೆ. ಪೂರ್ತಿ ವಾಹನ ಬೇಕು."

"ಅಡುಗೆಮನೆ ಹೇಗೆ ಸಾರ್ ತರ್ಲಿ?"

"ಅದನ್ನ ನಾವು ಕಟ್ಟಿದ್ದಾ? ಕಟ್ಟಿದೋರು ನೀವು."

"ಹೋಗ್ಲಿ ಸಾರ್, ಆ ಸೀಟಾದ್ರೂ ಕೊಡಿ. ಅವಳ ಆಪರೇಷನ್ನು ಹತ್ರ ಬಂತು. ನಂಬರ್ ಇಲ್ದಿದ್ರೂ ಒಂದ್ಸಲ ಹೋಗಿ ಬಂದ್ಬಿಡ್ತೀನಿ."

"ಪರೀಕ್ಷೆ ನಡೀತಾ ಇದೆ," ಎಂದರು ಅಧೀಕ್ಷಕರು, ಆ ಸೀಟಿನಿಂದ ಏಳದೆ.

ಎಂಟು ತಿಂಗಳಾದರೂ ಪರೀಕ್ಷೆ ಮುಗಿಯಲಿಲ್ಲ. ಅಷ್ಟರಲ್ಲಿ ಶಸ್ತ್ರಚಿಕಿತ್ಸೆ ಮುಗಿದು, ಆಕೆ ಊರುಗೋಲು ಹಿಡಿದು ಅಡುಗೆಮನೆಯೊಳಗೆ ಓಡಾಡುವಂತಾಗಿದ್ದರು. ನನಗೆ ಸಂಕಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವಾಗ ಎರಡು ಮೂರು ಸಲ ಆಯಿತು.

ಕೊನೆಗೆ ಕಿಡಿಮಾವ ತಿದ್ದುಪಡಿಯ ಹಟ ಬಿಟ್ಟು, ಇದ್ದಂತೆಯೇ ನೋಂದಣಿ ಮಾಡಿಕೊಡಿ ಎಂದು ಬರೆದುಕೊಟ್ಟರು. ಜನ ಸಹಕರಿಸಿದರೆ ನಮ್ಮ ಕೆಲಸ ಎಷ್ಟು ಚುರುಕಾಗುತ್ತದೆ ನೋಡಿ: ನಾಲ್ಕೇ ದಿನದಲ್ಲಿ ಪ್ರಮಾಣಪತ್ರ ಸಿದ್ಧವಾಯಿತು. ಅಡುಗೆಮನೆಯ ಹಿಂಗೋಡೆಗೆ ನಂಬರ್ ಫಲಕ, ಕೆಂಪು ದೀಪ ಮತ್ತು ಹಾರನ್ ಕಡ್ಡಾಯವಾದವು. ಪತ್ನಿಯವರು ಹಿಂಬದಿ ಸವಾರರಾದ ಕಾರಣ ಅಡುಗೆ ಮಾಡುವಾಗ ಹೆಲ್ಮೆಟ್ ಧರಿಸತಕ್ಕದ್ದು ಎಂದಾಯಿತು. ಬೀದಿಯ ಕಂಬಕ್ಕೆ ನಾನೇ ಅಂಟಿಸಿದ ಪ್ರಕಟಣೆ ಹೀಗಿತ್ತು:

"ಮೂವತ್ತೊಂದು ಅಡಿ ಉದ್ದದ ದ್ವಿಚಕ್ರ ವಾಹನವೊಂದು ಈ ಬೀದಿಯಲ್ಲಿ ಸಂಚರಿಸುವುದರಿಂದ ಸಾರ್ವಜನಿಕರು ಅದರ ಹಿಂಬದಿಯಲ್ಲಿ ಬಟ್ಟೆ ಒಣಹಾಕಬಾರದು. ಇಬ್ಬರಿಗಿಂತ ಹೆಚ್ಚು ಜನ ಅದರಲ್ಲಿ ಇರಬಾರದು. ವಾಹನವು ಚಲಿಸದಂತೆ ಕಂಡಲ್ಲಿ ಅದು ನಿಧಾನವಾಗಿ ಚಲಿಸುತ್ತಿದೆ ಎಂದು ಭಾವಿಸತಕ್ಕದ್ದು."

ಮೊದಲ ವಾರ ಬೀದಿಯವರು ನಕ್ಕರು. ಆಮೇಲೆ ಹೊಂದಿಕೊಂಡರು. ಪಕ್ಕದ ಮನೆಯವರು ಗಾಡಿ ತೀರಾ ಹತ್ತಿರ ಬರುತ್ತಿದೆಯೆಂದು ತಮ್ಮ ಗೋಡೆಗೆ ಬಂಪರ್ ಹಾಕಿಸಿಕೊಂಡರು. ಅಂಚೆಯವನು ಕೈ ಅಡ್ಡ ಹಿಡಿದು ಮನೆಯನ್ನು ನಿಲ್ಲಿಸಿ ಕಾಗದ ಕೊಡುತ್ತಾನೆ.

ಕಳೆದ ಸೋಮವಾರ ವಾರ್ಷಿಕ ತಪಾಸಣೆಗೆ ಇನ್ಸ್‌ಪೆಕ್ಟರೂ ನಾನೂ ಹೋದೆವು. ಕಿಡಿಮಾವ ಶೆಡ್ಡಿನಲ್ಲಿ ಚಾಪರಿನ ಮೇಲೆ ಕಾಲು ಚಾಚಿ ಕೂತಿದ್ದರು. ಆಕೆ ಅಡುಗೆಮನೆಯ ಬಾಗಿಲಿಗೆ ಎದುರಾಗಿ, ಕುರ್ಚಿಯಲ್ಲಿ, ಊರುಗೋಲನ್ನು ಗೋಡೆಗೆ ಒರಗಿಸಿ ಕೂತಿದ್ದರು. ತಲೆಯ ಮೇಲೆ ಹೆಲ್ಮೆಟ್. ಕೆನ್ನೆಪಟ್ಟಿಗೂ ಜೋಡಿ ಹೊಲಿಗೆ ಹಾಕಿಕೊಂಡಿದ್ದರು.

ಇನ್ಸ್‌ಪೆಕ್ಟರು ಜರಡಿ ತೆಗೆದು ಮೊಳೆಗೆ ಕುಣಿಕೆ ಹಾಕಿದರು.

"ಅಣ್ಣಾ, ಸಮುದ್ರ ಇನ್ನೆಷ್ಟು ದೂರ ಇದೆ?" ಎಂದು ಆಕೆ ಕೇಳಿದರು. ತಮಾಷೆಗೆ ಕೇಳಿದಂತಿರಲಿಲ್ಲ.

ಇನ್ಸ್‌ಪೆಕ್ಟರು ಟೇಪು ನೋಡಿದರು. "ನಿಮ್ಮ ಮುಂದಿನ ಚಕ್ರದಿಂದ ಲೆಕ್ಕ ಹಾಕಿದ್ರೆ ಮೂವತ್ತೊಂದಡಿ ಕಡಿಮೆ ಆಗಿದೆ ಅಮ್ಮ."

ನಾನು ಅದನ್ನು ಬರೆದುಕೊಂಡು ಮೊಹರು ಒತ್ತಿದೆ.

"ಹಾಗಾದ್ರೆ ಇಬ್ರೂ ಇಳೀರಿ," ಎಂದರು ಆಕೆ. "ಈ ಗಾಡೀಲಿ ಇಬ್ಬರಿಗೇ ಅನುಮತಿ. ನೀವೇ ಅಂಟ್ಸಿದೀರಿ."

ನಿಯಮ ಎಂದರೆ ನಿಯಮ. ನಾವು ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

"ಸರಿಯಾಗಿ ಕೂತ್ಯೇನೇ?" ಒಳಗಿನಿಂದ ಕಿಡಿಮಾವನ ದನಿ.

"ಕೂತಿದೀನಿ ರೀ. ಮೆಲ್ಲಗೆ ಹೋಗಿ."

ಎಂಜಿನ್ ಶುರುವಾಯಿತು. ಸೈಲೆನ್ಸರ್ ಇಲ್ಲದ್ದರಿಂದ ಬೀದಿಯೆಲ್ಲ ಅದುರಿತು. ಅಡುಗೆಮನೆಯ ಹಿಂಗೋಡೆಯಲ್ಲಿ ಕೆಂಪು ದೀಪ ಹತ್ತಿತು, ಹಾರನ್ ಎರಡು ಸಲ ಕೂಗಿತು. ಇನ್ಸ್‌ಪೆಕ್ಟರು ನನ್ನ ತೋಳು ಹಿಡಿದು ಬದಿಗೆ ಎಳೆದರು. ಇಬ್ಬರೂ ಚರಂಡಿಯ ಅಂಚಿಗೆ ಸರಿದು, ಮನೆಗೆ ದಾರಿ ಬಿಟ್ಟು ನಿಂತೆವು.