ಎರಡಿಂಚು ದೊಡ್ಡ ಮಂಡಿ

ಲೋಕದಲ್ಲಿ ಎಷ್ಟು ಮಂಡಿಗಳಿವೆಯೋ ಅಷ್ಟು ಬಗೆಯ ಮಂಡಿಪಟ್ಟಿಗಳು ಇರಬೇಕು, ಅದನ್ನು ತಾನೇ ಮಾಡಿ ತೋರಿಸುತ್ತೇನೆ ಎಂದು ಸ್ಕೇಲು ಮಾಮ ಔಷಧಿ ಅಂಗಡಿಯ ಮುಂದೆ ನಿಂತು ಘೋಷಿಸಿದರು. ಅಂಗಡಿಯವನ ಬಳಿ ಇದ್ದದ್ದು ಚಿಕ್ಕದು, ನಡುವಿನದು, ದೊಡ್ಡದು ಎಂಬ ಮೂರೇ. ಮೂರನ್ನೂ ಮಾಮನ ಹೆಂಡತಿ ಟೈಲರಮ್ಮ ಹಾಕಿ ನೋಡಿ ಹಿಂದಕ್ಕೆ ಕಳಿಸಿದ್ದರು. ಒಂದು ರಕ್ತ ಓಡಲು ಬಿಡುತ್ತಿರಲಿಲ್ಲ, ಇನ್ನೊಂದು ಕಾಲು ಮಡಚಲು ಬಿಡುತ್ತಿರಲಿಲ್ಲ, ಮೂರನೆಯದು ಇದ್ದೂ ಇಲ್ಲದಂತಿತ್ತು.

"ಮನುಷ್ಯರ ಮಂಡಿ ಅಂದ್ರೆ ಟೀ ಲೋಟ ಅಂದ್ಕೊಂಡ್ಯೇನಪ್ಪಾ? ಅಳತೆ ತಗೊಂಡು ಮಾಡ್ಬೇಕು, ಅಳತೆ!"

ಅಳತೆಯ ಮಾತು ಬಂದರೆ ಅವರನ್ನು ಹಿಡಿಯುವವರಿಲ್ಲ. ಮೂವತ್ತೊಂದು ವರ್ಷ ಸೇತುವೆಗಳ ನಕ್ಷೆ ಬರೆದವರು. ನಿವೃತ್ತರಾದ ಮೇಲೂ ಜೇಬಿನಲ್ಲಿ ಆರಿಂಚಿನ ಉಕ್ಕಿನ ಸ್ಕೇಲಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಬೀದಿಯವರು ಕೊಟ್ಟ ಹೆಸರು ಅದರಿಂದಲೇ ಬಂದದ್ದು.

ಆದರೆ ಈ ಹಟದ ಬೇರು ಇದ್ದದ್ದು ಮಂಡಿಯಲ್ಲಲ್ಲ, ತಾರಸಿಯ ಮೇಲೆ. ಅಲ್ಲಿ ಎರಡು ಕುರ್ಚಿಗಳು. ಸಂಜೆ ಎದುರಿನ ಸೇತುವೆಯ ಮೇಲೆ ರೈಲು ಹೋಗುವಾಗ ಗಂಡಹೆಂಡಿರಿಬ್ಬರೂ ಡಬ್ಬಿ ಎಣಿಸುವುದು, ಲೆಕ್ಕ ತಾಳೆಯಾಗದೆ ಕತ್ತಲಾಗುವವರೆಗೂ ಜಗಳವಾಡುವುದು, ಇದು ಎಷ್ಟೋ ವರ್ಷಗಳ ರೂಢಿ. ಟೈಲರಮ್ಮನ ಮಂಡಿ ಇಪ್ಪತ್ತೆರಡು ಮೆಟ್ಟಿಲಿಗೆ ಒಲ್ಲೆನೆಂದು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಮಾಮ ಒಬ್ಬರೇ ಹತ್ತುತ್ತಿದ್ದರು, ಒಬ್ಬರೇ ಎಣಿಸುತ್ತಿದ್ದರು. ದಿನವೂ ಹದಿನೇಳು. ತಪ್ಪು ಎನ್ನುವವರಿಲ್ಲದ ಲೆಕ್ಕ ಉಪ್ಪಿಲ್ಲದ ಊಟದ ಹಾಗಿತ್ತು. ಇಳಿಯುವ ಮುಂಚೆ ಖಾಲಿ ಕುರ್ಚಿಯ ಧೂಳನ್ನು ಮಾತ್ರ ತಪ್ಪದೆ ಒರೆಸುತ್ತಿದ್ದರು.

ಮಂಡಿಗೆ ಸರಿಯಾದ ಆಸರೆಯಿದ್ದರೆ, ನಾಲ್ಕು ಮೆಟ್ಟಿಲಿಗೊಮ್ಮೆ ಕೂತು ಹತ್ತಬಹುದು ಎಂದು ವೈದ್ಯರು ಹೇಳಿದ್ದೇ ತಡ, ಕೆಲಸ ಶುರುವಾಯಿತು, ಅದೂ ಗುಟ್ಟಾಗಿ. ಉಕ್ಕಿನ ಸ್ಕೇಲು ಮಂಡಿಯ ಸುತ್ತ ಬಳಸದು. ಆದ್ದರಿಂದ ಹೆಂಡತಿ ಮಧ್ಯಾಹ್ನ ಮಲಗಿದ್ದಾಗ, ಹೊಲಿಗೆ ಯಂತ್ರದ ಮೇಲೆ ನೇತಾಡುತ್ತಿದ್ದ ಅವರದೇ ಟೇಪು ತಂದು ಕಳ್ಳನಂತೆ ಅಳೆದರು. ಟೈಲರಮ್ಮ ನಿದ್ದೆಯಲ್ಲೇ ನೊಣವೆಂದು ಒಮ್ಮೆ ಝಾಡಿಸಿದರು. ಮಂಡಿ ಹದಿನೇಳು ಇಂಚು. ಮತ್ತೊಮ್ಮೆ ಅಳೆದರೂ ಹದಿನೇಳೇ.

ಒಂಬತ್ತು ನಕ್ಷೆಗಳಾದವು. ಹಳೆಯ ಪ್ರಯಾಣದ ಚೀಲ ಬಟ್ಟೆ ಕೊಟ್ಟಿತು, ನಕ್ಷೆ ಸಾಮಾನಿನ ಪೆಟ್ಟಿಗೆ ಎರಡು ಕೀಲು ಕೊಟ್ಟಿತು. ಕತ್ತರಿಸುವಾಗ ಮಾತ್ರ ತಮ್ಮ ಸ್ಕೇಲನ್ನೇ ನಂಬಿದರು. ಬಿಗಿ ಸಡಿಲ ಮಾಡಲು ಮೂರು ಬಕಲು ಪಟ್ಟಿಗಳು, ಪ್ರತಿಯೊಂದಕ್ಕೂ ಒಂದಿಂಚಿನ ಅವಕಾಶ. ಸರಿಯಾಗಿ ಅಳೆದವನಿಗೆ ಅದೇ ಹೆಚ್ಚು ಎಂಬುದು ಅವರ ವಾದ.

ಸಂಜೆ ರೈಲಿನ ಹೊತ್ತಿಗೆ ಪಟ್ಟಾಭಿಷೇಕವಾಯಿತು. ಸ್ವಲ್ಪ ಸಡಿಲವಲ್ಲವೇ ಎಂದು ಟೈಲರಮ್ಮ ಕೇಳಿದರು. ಮಾಮ ಕೊನೆಯ ತೂತಿನವರೆಗೂ ಬಿಗಿದು, "ನಡೀತಾ ನಡೀತಾ ಕೂತ್ಕೊಳ್ಳತ್ತೆ, ಬಾರೇ," ಎಂದು ಹೇಳಿ, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿಕೊಂಡು ಬೆನ್ನ ಹಿಂದೆ ಹೊರಟರು.

ನಾಲ್ಕನೆಯ ಮೆಟ್ಟಿಲಲ್ಲಿ ಪಟ್ಟಿ ಮಂಡಿಗೆ ನಮಸ್ಕಾರ ಹೇಳಿ ಪಾದಕ್ಕೆ ಶರಣಾಯಿತು. ಅದರ ಬಕಲು ಮಾಮನ ಪ್ಯಾಂಟಿನ ಅಂಚನ್ನು ಕಚ್ಚಿತು. ಆಕೆ ಕಾಲೆತ್ತಿದರೆ ಇವರ ಕಾಲೂ ಎದ್ದಿತು! ಆಸರೆಗೆಂದು ಮಾಮ ಹಿಡಿದದ್ದು ಗೋಡೆಯನ್ನಲ್ಲ, ಅದರ ಮೇಲಿದ್ದ ಹೂವಿನ ಕುಂಡವನ್ನು. ಕುಂಡ ಕೆಳಗೆ, ಮಣ್ಣು ಮಾಮನ ತಲೆಯ ಮೇಲೆ, ದಂಪತಿಗಳು ಮೆಟ್ಟಿಲ ಮೇಲೆ ಅಕ್ಕಪಕ್ಕ.

ಅಷ್ಟರಲ್ಲಿ ರೈಲು ಕೂಗಿತು. ಇಬ್ಬರೂ ತಲೆಯೆತ್ತಿದರು. ಕಂಡದ್ದು ಗೋಡೆ ಮಾತ್ರ. ಸೇತುವೆಯ ಸದ್ದು ಹತ್ತಿರವಾಗಿ, ತೆಳುವಾಗಿ, ಅಡಗಿತು.

"ಹೋಯ್ತು," ಎಂದರು ಮಾಮ.

ಟೈಲರಮ್ಮ ಬಕಲು ಬಿಡಿಸುತ್ತ, "ನನ್ನ ಮಂಡಿ ಎಷ್ಟು ಅಂತ ಬರ್ಕೊಂಡ್ರಿ?" ಎಂದರು.

"ಹದಿನೇಳು."

"ಹದಿನೈದು ರೀ. ಯಾವ ಟೇಪಲ್ಲಿ ಅಳೆದ್ರಿ?"

"ನಿನ್ನದರಲ್ಲೇ."

ಟೈಲರಮ್ಮ ಕೊರಳಲ್ಲಿ ಹಾಕಿಕೊಂಡಿದ್ದ ಅದೇ ಟೇಪು ತೆಗೆದು ಅದರ ತುದಿಯನ್ನು ಮಾಮನ ಮೂಗಿಗೆ ಹಿಡಿದರು. ಅದು ಶುರುವಾಗುತ್ತಿದ್ದದ್ದೇ ಎರಡರಿಂದ.

"ಮೊದಲೆರಡು ಇಂಚು ಸವೆದುಹೋಗಿ ಹನ್ನೆರಡು ವರ್ಷ ಆಯ್ತು. ನಾನು ಎರಡು ಕಳೆದು ಬರ್ಕೋತೀನಿ. ಪಕ್ಕದ ಕೋಣೇಲೇ ಇದ್ರಲ್ಲಾ, ಒಂದಿನಾನೂ ನೋಡ್ಲಿಲ್ವಾ?"

"ಹೊಸದು ತಗೋಬಾರ್ದಾಗಿತ್ತಾ?"

"ಮದುವೆಯಾದ ವರ್ಷ ನೀವು ಕೊಡಿಸಿದ್ದು. ಅದೂ ಮರೆತ್ರಾ?"

ಕೂದಲೆಳೆಯ ತಪ್ಪನ್ನೂ ಹಿಡಿಯುತ್ತಿದ್ದ ಮಾಮ ಕೈಗೆ ಬಂದಿದ್ದ ಸ್ಕೇಲನ್ನು ಮೆಲ್ಲಗೆ ಜೇಬಿಗೆ ಇಳಿಸಿದರು.

ಮರುದಿನ ಟೈಲರಮ್ಮ ಹಾಲು ಕಾಯುವಷ್ಟರಲ್ಲಿ ಪಟ್ಟಿಯ ಎರಡಿಂಚು ಒಳಗೆ ಹೊಲಿದರು, ಬಕಲುಗಳಿಗೆ ಮೂರಿಂಚಿನ ಅವಕಾಶವನ್ನೂ ಕೊಟ್ಟರು. ಅಷ್ಟೇಕೆ ಎಂದು ಕೇಳಿದ ಗಂಡನಿಗೆ, "ಸಂಜೆಗೆ ಊದತ್ತೆ, ಬೆಳಗ್ಗೆ ಇಳಿಯತ್ತೆ. ಮಂಡಿ ರೀ ಇದು, ಸೇತುವೆ ಅಲ್ಲ," ಎಂದು ಬುದ್ಧಿ ಹೇಳಿದರು.

ಆ ಸಂಜೆ ಇಬ್ಬರೂ ಐದು ಕಡೆ ಕೂತು, ಇಪ್ಪತ್ತೆರಡೂ ಮೆಟ್ಟಿಲು ಹತ್ತಿದರು. ಟೈಲರಮ್ಮ ತಮ್ಮ ಕುರ್ಚಿಯ ಮೇಲೆ ಬೆರಳಾಡಿಸಿದರು. ಧೂಳಿರಲಿಲ್ಲ. ಅದನ್ನು ಮಾಮನ ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡು ಕೂತರು.

ರೈಲು ಬಂತು, ಹೋಯಿತು.

"ಹತ್ತೊಂಬತ್ತು," ಎಂದರು ಮಾಮ, ಮುಖವನ್ನು ಬಹಳ ಗಂಭೀರ ಮಾಡಿಕೊಂಡು.

"ಹದಿನೇಳು," ಎಂದರು ಟೈಲರಮ್ಮ. "ಇದನ್ನೂ ನನ್ನ ಟೇಪಲ್ಲೇ ಅಳೆದ್ರಾ?"