ಹೆಸರು ಹೇಳಬಾರದ ಮದ್ದು

ತಮಿಳು ಸೀಮೆಯ ಮಾರಂಡಹಳ್ಳಿ ಕಡೆ ನಾನು ಹಳ್ಳಿ ನರ್ಸಾಗಿ ಹನ್ನೊಂದು ವರ್ಷವಾಯಿತು. ಇನ್ನು ಯಾವುದಕ್ಕೂ ಬೆಚ್ಚುವುದಿಲ್ಲ ಎಂದುಕೊಂಡ ವಾರವೇ ಏನಾದರೊಂದು ಆಗಿ ಎದೆ ಧಸಕ್ಕೆನ್ನುತ್ತದೆ. ಎಲ್ಲಕ್ಕೂ ಮೂಲ ನಮ್ಮ ಬೀದಿಯ ನಾಟಿ ಮದ್ದಿನ ಅಜ್ಜಿ. ಅವಳ ಮದ್ದು ಕಾಲುವೆ ಬದಿಯ ಕಾಡುಪುದೀನ ಅನ್ನುವುದು ಈಗ ಗೊತ್ತು. ಆಗ ಗೊತ್ತಿರಲಿಲ್ಲ.

೧. ಎರಡು ತೊಟ್ಟು

ನನಗೆ ಜೋರು ನೆಗಡಿ. "ಮೇಲೆ ನೋಡವ್ವ" ಅಂದಳು ಅಜ್ಜಿ. ನೋಡಿದೆ. ಮೂಗಿಗೆ ಎರಡು ತೊಟ್ಟು ಎಲೆರಸ ಬಿತ್ತು. ನೆತ್ತಿಯವರೆಗೂ ಬೆಂಕಿ!

"ಅಯ್ಯೋ, ಇದೇನಜ್ಜಿ?"

"ಎಸ್ರು ಏಳಬಾರ್ದು. ಏಳಿದ್ರೆ ಮದ್ದಿನ ಬಲ ಓಗ್ತೈತೆ."

ನೆಗಡಿ ಹೋಯಿತು, ಸುಳ್ಳು ಹೇಳಬಾರದು. ಜೊತೆಗೆ ವಾಸನೆಯೂ ಹೋಯಿತು. ಮೂರು ದಿನ ನಾನು ಸೀಯಿಸಿದ ಸಾರನ್ನು ಮನೆಯವರೆಲ್ಲ ಉಂಡರು, ಗೊತ್ತಾಗದಿದ್ದದ್ದು ನನಗೊಬ್ಬಳಿಗೇ.

೨. ಓದಿದವರು

ಸೈನ್ಸ್ ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಬಂದರು. ಗ್ಯಾಸಿಗೆ ಅಜ್ಜಿ ಒಂದು ಚಮಚ ಕಷಾಯ ಹೇಳಿದ್ದಳಂತೆ, ಇವರು ಒಂದು ಚೊಂಬು ಏರಿಸಿದ್ದರು. ತಲೆ ಸುತ್ತು, ವಾಂತಿ. ಉಪ್ಪು-ಸಕ್ಕರೆ ನೀರು ಕುಡಿಸುತ್ತ ಕೇಳಿದೆ:

"ಅದು ಯಾವ ಎಲೆ ಅಂತಾನಾದ್ರೂ ಕೇಳಿದ್ರಾ ಸಾರ್?"

"ಅದೆಂಗೆ ಕೇಳಾದು ಸಿಸ್ಟರ್? ಬಲ ಓಗ್ತೈತಲ್ಲ!"

೩. ಅಜ್ಜಿ ಬಾಯಿ ಬಿಟ್ಟದ್ದು

ಅಜ್ಜಿಯ ಮೊಮ್ಮಗಳು ಏಳು ತಿಂಗಳ ಬಸುರಿ. ಹೊಟ್ಟೆ ಉಬ್ಬರಿಸಿದೆ ಅಂದಳಂತೆ. ಬೇರೆಯವರಿಗೆ ಚಮಚ, ಮೊಮ್ಮಗಳಿಗೆ ಪ್ರೀತಿಯಿಂದ ಅದೇ ಕಷಾಯ ಲೋಟಗಟ್ಟಲೆ. ಸ್ವಲ್ಪ ಹೊತ್ತಿಗೇ ಹೊಟ್ಟೆ ಕಲ್ಲಾಗಿ ನೋವು ಶುರುವಾಯಿತು. ಆಂಬುಲೆನ್ಸಿನಲ್ಲಿ ನಾನು ಕಂಡ ದೇವರಿಗೆಲ್ಲ ಕೈಮುಗಿದೆ.

"ಪಾಟ್ಟಿ, ಎನ್ನ ಕುಡುತ್ತೀಂಗ?" ಅಜ್ಜಿ, ಏನು ಕೊಟ್ಟಿರಿ ಎಂದು ಆಸ್ಪತ್ರೆಯ ಡಾಕ್ಟರಮ್ಮ ತಮಿಳಿನಲ್ಲಿ ಕೇಳಿದರು. ಅಜ್ಜಿಯ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿದೆ, ಬಾಯಿ ಮಾತ್ರ ಬಿಡಲೊಲ್ಲಳು.

"ಎಸ್ರು ಏಳಜ್ಜಿ! ಎರಡು ಜೀವ ಐತೆ!" ಅಂದೆ ನಾನು.

"ಏಳಿದ್ರೆ ಬಲ ಓಗ್ತೈತೆ ಕಣವ್ವ..."

"ಓಗ್ಲಿ ಅಂತಾನೇ ಕೇಳ್ತಿರಾದು!"

ಅಜ್ಜಿ ನನ್ನನ್ನೇ ದಿಟ್ಟಿಸಿದಳು. ಆಮೇಲೆ ವಾರ್ಡಿನ ನಡುವೆ ನಿಂತು ಕೂಗಿದಳು ನೋಡಿ: "ಕಾಡುಪುದೀನ! ಕಾಲುವೆ ಪಕ್ಕದ್ದು! ಎರಡು ಇಡಿ, ಮೂರು ಲೋಟ!" ಅದೂ ಸಾಲದು ಅನ್ನಿಸಿತೇನೋ, ಹೊರಗೆ ಓಡಿ ಚೀಟಿ ಹಿಡಿದು ನಿಂತವರಿಗೆಲ್ಲ ತಮಿಳಿನಲ್ಲೂ ಸಾರಿದಳು: "ಕಾಟ್ಟು ಪುದೀನಾ! ಕಾಟ್ಟು ಪುದೀನಾ!"

ಇಂಜೆಕ್ಷನ್ ಹಾಕಿ, ಡ್ರಿಪ್ಸ್ ಏರಿಸಿ, ಸಂಜೆಗೆ ನೋವು ನಿಂತಿತು. ನಾನು ಗೋಡೆಗೊರಗಿ ಅತ್ತುಬಿಟ್ಟೆ. ಎರಡು ತಿಂಗಳಿಗೆ ಗುಂಡು ಗುಂಡು ಹೆಣ್ಣು ಮಗುವಾಯಿತು.

ನೋಡಲು ಹೋದಾಗ, "ಇಂಜೆಕ್ಷನ್ ಕಾಪಾಡ್ತು, ಅಲ್ವಾ ಅಜ್ಜಿ?" ಅಂದೆ.

"ಇಂಜೆಕ್ಷನ್ನಾ? ಕನ್ನಡದಾಗೆ ಏಳಿದ್ದಕ್ಕೆ ಅರ್ಧ ನೋವು ಓಯ್ತು. ತಮಿಳ್‌ನಾಗೆ ಏಳಿದ್ಮೇಲೇ ಪೂರ್ತಿ ನಿಂತಿದ್ದು!"